ಬಲಕ್ಕೆ ಎಳೆದು ಎಡಕ್ಕೆ ಬೀಳುತ್ತಿದ್ದ ವಿಮಾನ: ಕಲಬುರಗಿಯ ಒಂದು ಬಾಲ್ಸಾ ಕಿಟ್‌ನ ಪ್ರಕರಣ ಅಧ್ಯಯನ

ರೇಡಿಯೋ ನಿಯಂತ್ರಿತ ಮಾದರಿ ವಿಮಾನವೊಂದು ಹಾರುವಾಗ ಒಂದು ಪಕ್ಕಕ್ಕೆ ಎಳೆಯುವುದು ಅಪರೂಪದ ದೋಷವೇನಲ್ಲ. ಟ್ರಾನ್ಸ್‌ಮಿಟರ್‌ನ ಸಣ್ಣ ವಾಲುವಿಕೆಯನ್ನು ಸರಿದೂಗಿಸುವ ಟ್ರಿಮ್ ಗುಂಡಿಯನ್ನು ಎರಡು ಮೂರು ಸಲ ಒತ್ತಿದರೆ ಮುಗಿದುಹೋಗುವ ಕೆಲಸವೆಂದೇ ಹೆಚ್ಚಿನವರು ಅದನ್ನು ತಿಳಿಯುತ್ತಾರೆ, ಎಷ್ಟೋ ವಿಮಾನಗಳಲ್ಲಿ ಅದು ಅಲ್ಲಿಗೇ ಮುಗಿಯುವುದೂ ನಿಜ. ಇಲ್ಲಿ ವಿವರಿಸುವ ವಿಮಾನದಲ್ಲಿ ಅದು ಮುಗಿಯಲಿಲ್ಲ. ದೋಷ ಹಾರಾಟದಲ್ಲಿ ಒಂದು ಪಕ್ಕಕ್ಕೆ, ಇಳಿಯುವಾಗ ಅದರ ವಿರುದ್ಧ ಪಕ್ಕಕ್ಕೆ ಕಾಣಿಸಿಕೊಂಡಿತು. ಅದರ ಮೂಲವನ್ನು ಹುಡುಕುವುದರಲ್ಲಿ ಒಂದು ಬೇಸಿಗೆಯೂ ಸರಿಪಡಿಸುವುದರಲ್ಲಿ ಒಂದು ಮಳೆಗಾಲವೂ ಕಳೆದವು. ವಿಮಾನವನ್ನು ಕಟ್ಟಿದ ಇಬ್ಬರ ಒಪ್ಪಿಗೆಯಿಂದ ಈ ಪ್ರಕರಣವನ್ನು ದಾಖಲಿಸಲಾಗಿದೆ. ಅವರ ಹೆಸರು, ಬಡಾವಣೆ, ಕಿಟ್ ತಯಾರಕರ ಹೆಸರುಗಳನ್ನು ಬಿಟ್ಟಿದ್ದು, ಇಬ್ಬರನ್ನು ‘ಹಿರಿಯರು’ ಮತ್ತು ‘ಯುವಕ’ ಎಂದಷ್ಟೇ ಕರೆಯಲಾಗಿದೆ. ಹಾರಾಟದ ಹಲವು ಮುಂಜಾವುಗಳಲ್ಲಿ ನಾನು ಮೈದಾನದಲ್ಲಿದ್ದೆ. ಮನೆಯೊಳಗಿನ ಕೆಲಸದ ವಿವರಗಳು ಅವರಿಬ್ಬರೂ ಇಟ್ಟಿದ್ದ ನೋಟ್‌ಬುಕ್‌ನಿಂದ ಬಂದವು.

ಹಿನ್ನೆಲೆ

ಹಿರಿಯರು ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ ಬಡಗಿ ವಿಭಾಗದ ಬೋಧಕರಾಗಿದ್ದು ನಿವೃತ್ತರಾದವರು. ಯುವಕ ಅವರ ಅಣ್ಣನ ಮಗ, ಇಂಜಿನಿಯರಿಂಗ್ ವಿದ್ಯಾರ್ಥಿ. ಯುವಕನಿಗೆ ಫೋಮ್ ವಿಮಾನ ಹಾರಿಸಿ ಅಭ್ಯಾಸವಿತ್ತು, ಮರ ಮುಟ್ಟಿ ಗೊತ್ತಿರಲಿಲ್ಲ. ಹಿರಿಯರಿಗೆ ಮರದ ಮೈ ಮನಸ್ಸು ಎರಡೂ ಗೊತ್ತಿದ್ದವು, ವಿಮಾನ ಗೊತ್ತಿರಲಿಲ್ಲ. ಇಂಥ ಜೋಡಿ ಒಂದು ಕಿಟ್‌ಗೆ ಕೈಹಾಕಿದರೆ ಕೆಲಸ ಚೆನ್ನಾಗಿಯೇ ಆಗುತ್ತದೆಂದು ಯಾರಾದರೂ ಹೇಳಿಯಾರು, ಬಹುಮಟ್ಟಿಗೆ ಆಯಿತು ಕೂಡ.

ಅವರು ಆರಿಸಿದ್ದು ರೆಕ್ಕೆ ಮೇಲಿರುವ, ಕಲಿಕೆಗೆಂದೇ ರೂಪಿಸಿದ ಸಾಮಾನ್ಯ ಟ್ರೈನರ್ ವಿಮಾನ. ರೆಕ್ಕೆಯ ತುದಿಯಿಂದ ತುದಿಗೆ 125 ಸೆಂ.ಮೀ., ಮುಂದಂಚಿನಿಂದ ಹಿಂದಂಚಿಗೆ 22 ಸೆಂ.ಮೀ., ಅಡಿಭಾಗ ಬಹುತೇಕ ಚಪ್ಪಟೆ. ನಕ್ಷೆಯ ಪ್ರಕಾರ ಹಾರಲು ಸಿದ್ಧವಾದ ತೂಕ 1.1 ಕೆ.ಜಿ. ಮೀಥನಾಲ್ ಇಂಧನದ ಗ್ಲೋ ಇಂಜಿನ್ ಬೇಡವೆಂದು ಮೊದಲೇ ತೀರ್ಮಾನಿಸಿ, 3 ಸೆಲ್‌ಗಳ 2200 ಎಂಎಎಚ್ ಲಿಥಿಯಂ ಪಾಲಿಮರ್ ಬ್ಯಾಟರಿ ಮತ್ತು ಬ್ರಷ್‌ಲೆಸ್ ಮೋಟರ್ ತರಿಸಿದರು. ಗಾತ್ರವನ್ನು ಚಿಕ್ಕದಾಗಿಟ್ಟದ್ದಕ್ಕೆ ಇನ್ನೊಂದು ಕಾರಣವಿತ್ತು. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂ ಮೀರಿ 2 ಕೆ.ಜಿ.ವರೆಗಿನ ತೂಕ ‘ಮೈಕ್ರೋ’ ವರ್ಗಕ್ಕೆ ಸೇರುತ್ತದೆ. ಈ ವರ್ಗದಲ್ಲಿ ವಾಣಿಜ್ಯೇತರ ಹಾರಾಟಕ್ಕೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕಾಗುವುದಿಲ್ಲ. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ ಶ್ರೀನಿವಾಸ ಸರಡಗಿಯ ಬಳಿ ಆರಂಭವಾದ ಮೇಲೆ ನಗರದ ಪೂರ್ವಕ್ಕೆ ಹಾರಿಸುವ ಮಾತೇ ಇರಲಿಲ್ಲ. ಡ್ರೋನ್ ಹಾರಾಟದ ವಲಯಗಳನ್ನು ತೋರಿಸುವ ಸರ್ಕಾರಿ ಡಿಜಿಟಲ್ ಸ್ಕೈ ನಕ್ಷೆ ನೋಡಿ, ಆಳಂದದ ಕಡೆಗೆ ಹೋಗುವ ದಾರಿಯಲ್ಲಿ, ಮುಂಚಿತ ಅನುಮತಿ ಬೇಡದ ಹಸಿರು ವಲಯದೊಳಗೆ ಬರುವ, ಪರಿಚಯದವರೊಬ್ಬರ ಬೀಳು ಹೊಲವನ್ನು ಗೊತ್ತುಮಾಡಿಕೊಂಡರು. ಪಕ್ಕದ ಹೊಲದಲ್ಲಿ ತೊಗರಿ ಕೊಯ್ದ ಕೂಳೆ ಈಟಿಯಂತೆ ನಿಂತಿತ್ತು. ಅದರ ಮೇಲೆ ಇಳಿದರೆ ರೆಕ್ಕೆಗೆ ಹೊದಿಸಿದ ಫಿಲ್ಮ್ ಹರಿಯುವುದು ಖಂಡಿತ. ಕಪ್ಪು ಮಣ್ಣಿನ ಬಿರುಕುಗಳು ಸಣ್ಣ ಚಕ್ರವನ್ನು ನುಂಗುವಷ್ಟು ಅಗಲವಾಗಿದ್ದವು. ಬೀಳು ಹೊಲದ ನಡುವೆ ಎತ್ತಿನ ಗಾಡಿ ಓಡಾಡಿ ಗಟ್ಟಿಯಾದ ಪಟ್ಟಿಯೊಂದೇ ರನ್‌ವೇ ಆಯಿತು.

ಬಾಲ್ಸಾ ಮರದ ಬಹುಪಾಲು ಇಕ್ವಡಾರ್‌ನಿಂದ ಬರುತ್ತದೆ. ಸಾಮಾನ್ಯವಾಗಿ ಅದರ ಸಾಂದ್ರತೆ ಘನ ಮೀಟರಿಗೆ 100ರಿಂದ 200 ಕೆ.ಜಿ.; ತೇಗದ್ದು 600 ದಾಟುತ್ತದೆ. ಒಂದೇ ಕಟ್ಟಿನಲ್ಲಿ ಬಂದ ಎರಡು ಹಾಳೆಗಳು ಕೂಡ ತೂಕದಲ್ಲಿ ಇಷ್ಟು ವ್ಯತ್ಯಾಸವಾಗಬಹುದೆಂಬುದು ಹಿರಿಯರಿಗೆ ಡಬ್ಬಿ ಬಿಚ್ಚಿದ ದಿನವೇ ಕೈಯಲ್ಲಿ ಹಿಡಿದು ಗೊತ್ತಾಯಿತು. ಅವರು ಹಾಳೆಗಳನ್ನು ಬೆಳಕಿಗೆ ಹಿಡಿದು, ಎಳೆ ಉದ್ದಕ್ಕೆ ನೇರವಾಗಿ ಹೋಗಿ ಅಡ್ಡಕ್ಕೆ ಸುಲಭವಾಗಿ ಬಾಗುವಂಥವನ್ನು ಒಂದು ಕಡೆ, ಮೈಮೇಲೆ ಮಿನುಗುವ ಚುಕ್ಕೆಗಳಿದ್ದು ಬಾಗದೆ ಸೆಟೆದಿರುವಂಥವನ್ನು ಇನ್ನೊಂದು ಕಡೆ ಇಟ್ಟರು. ಮೊದಲಿನವು ರೆಕ್ಕೆಯ ಮುಂದಂಚಿಗೆ ಸುತ್ತುವ ಶೀಟ್‌ಗೆ, ಎರಡನೆಯವು ಚಪ್ಪಟೆಯಾಗಿಯೇ ಇರಬೇಕಾದ ಬಾಲದ ಭಾಗಗಳಿಗೆ. ಅನುಭವಿ ಮಾದರಿಗಾರರು ಮಾಡುವ ವಿಂಗಡಣೆಯೇ ಇದು; ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅದೇ ಕೈ ಇನ್ನೊಂದು ಕಡೆ ತೊಂದರೆ ಕೊಟ್ಟಿತು. ಮೂಲೆಯೆಂದರೆ ಕೀಲು ಗಟ್ಟಿಯಿರಬೇಕು, ಅಂಟು ಧಾರಾಳವಾಗಿರಬೇಕು ಎಂಬುದು ಮೂವತ್ತು ವರ್ಷ ಬಾಗಿಲು, ಮೇಜು ಮಾಡಿಸಿದವರ ಸಂಸ್ಕಾರ. ಬಾಲದ ಪ್ರತಿ ಮೂಲೆಗೂ ನಕ್ಷೆಯಲ್ಲಿಲ್ಲದ ತ್ರಿಕೋನದ ತುಂಡುಗಳು ಬಂದವು. ಸುಮಾರು 30 ಗ್ರಾಂ ಹೆಚ್ಚಾಯಿತು, ಅಷ್ಟೇ ಎಂದುಕೊಂಡರು. ಆದರೆ ಬಾಲವು ಗುರುತ್ವ ಕೇಂದ್ರದಿಂದ ಸುಮಾರು 65 ಸೆಂ.ಮೀ. ಹಿಂದೆ, ಮೂಗು 22 ಸೆಂ.ಮೀ. ಮುಂದೆ ಇದ್ದುದರಿಂದ ಬಾಲದ ಒಂದೊಂದು ಗ್ರಾಂಗೆ ಮೂಗಿನಲ್ಲಿ ಮೂರು ಗ್ರಾಂ ಸೀಸ ಇಡಬೇಕಾಯಿತು. ಟೈರ್ ಅಂಗಡಿಯಲ್ಲಿ ಚಕ್ರದ ಬ್ಯಾಲೆನ್ಸ್‌ಗೆ ಅಂಟಿಸುವ 5 ಗ್ರಾಂನ ತುಂಡುಗಳನ್ನು ತಂದು 90 ಗ್ರಾಂ ಅಂಟಿಸಿದ ಮೇಲೆ ಗುರುತ್ವ ಕೇಂದ್ರ ಮುಂದಂಚಿನಿಂದ 64 ಮಿ.ಮೀ. ಹಿಂದೆ, ಅಂದರೆ ರೆಕ್ಕೆಯ ಅಗಲದ ಶೇ. 29ರ ಆಸುಪಾಸಿನಲ್ಲಿ ನಿಂತಿತು. ಅದು ಇರಬೇಕಾದ ಜಾಗವೇ. ಒಟ್ಟು ತೂಕ ಮಾತ್ರ 1.36 ಕೆ.ಜಿ.ಗೆ ಏರಿತ್ತು.

ರೆಕ್ಕೆಯನ್ನು ಎರಡು ಭಾಗಗಳಾಗಿ ಕಟ್ಟಿ ನಡುವೆ ಜೋಡಿಸಬೇಕಿತ್ತು. ಗುಂಡುಪಿನ್ನು ಚುಚ್ಚಲು ಮೆತ್ತಗಿನ ಸಾಫ್ಟ್‌ಬೋರ್ಡ್, ಅದರ ಕೆಳಗೆ ಆಧಾರಕ್ಕೆ 18 ಮಿ.ಮೀ. ದಪ್ಪದ ಪ್ಲೈ ಹಾಳೆ. ಆ ಪ್ಲೈ ತಗಡಿನ ಮಾಡಿನ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟದ್ದು. ಎಡಭಾಗವನ್ನು ಅದರ ಮೇಲೆ ಕಟ್ಟಿದರು. ಬಡಗಿಗಳು ಬಳಸುವ ಬಿಳಿ ಅಂಟು ಒಣಗುವ ತನಕ ಹಲಗೆ ಖಾಲಿಯಾಗುವುದಿಲ್ಲವಾದ್ದರಿಂದ, ಬಲಭಾಗವನ್ನು ಸಾಫ್ಟ್‌ಬೋರ್ಡಿನ ಇನ್ನೊಂದು ತುಂಡು ಹಾಸಿ ಹಳೆಯ ತೇಗದ ಬಾಗಿಲೊಂದರ ಮೇಲೆ ಕಟ್ಟಿದರು. ನೋಟ್‌ಬುಕ್‌ನಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ. ಆ ಹೊತ್ತಿಗೆ ಅದು ನಿರ್ಧಾರವೆಂದೇ ಇಬ್ಬರಿಗೂ ಅನ್ನಿಸಿರಲಿಲ್ಲ.

ಸಮಸ್ಯೆ ಕಾಣಿಸಿದ ಬಗೆ

ಮೊದಲ ಹಾರಾಟ ಏಪ್ರಿಲ್‌ನ ಒಂದು ಬೆಳಿಗ್ಗೆ. ವಿಮಾನ ನೆಲ ಬಿಟ್ಟೊಡನೆ ಯುವಕ, “ಬಲಕ್ಕ ಜಗ್ಗಲತ್ತದ್ರಿ ಕಾಕಾ” ಎಂದು ಹೇಳುತ್ತಲೇ ಐಲೆರಾನ್ (ರೆಕ್ಕೆಯ ಹಿಂದಂಚಿನಲ್ಲಿದ್ದು ವಿಮಾನವನ್ನು ಪಕ್ಕಕ್ಕೆ ಉರುಳಿಸುವ ಪಟ್ಟಿ) ಟ್ರಿಮ್ ಎಡಕ್ಕೆ ಒತ್ತಿದ. ವಿಮಾನ ನೆಟ್ಟಗಾಯಿತು. ಸುತ್ತುಗಳು ಚೆನ್ನಾಗಿಯೇ ಬಂದವು. ಇಳಿಸಲು ಮೋಟರ್ ತಗ್ಗಿಸಿ, ಪಟ್ಟಿಯ ಅಂಚಿಗೆ ತಂದು, ವೇಗ ಇಳಿಸಲು ಎಲಿವೇಟರ್ (ಮೂಗನ್ನು ಏರಿಳಿಸುವ ಬಾಲದ ಪಟ್ಟಿ) ನಿಧಾನವಾಗಿ ಎಳೆಯುತ್ತಿರುವಾಗ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಎಡರೆಕ್ಕೆ ಇದ್ದಕ್ಕಿದ್ದಂತೆ ಕುಸಿಯಿತು. ಎಡತುದಿ ನೆಲಕ್ಕೆ ತಾಗಿ ವಿಮಾನ ಗಿರಕಿ ಹೊಡೆದು, ಪ್ರೊಪೆಲ್ಲರ್ ಮುರಿದು, ಚಕ್ರದ ತಂತಿ ತಳದ ಹಲಗೆಯೊಂದಿಗೇ ಕಿತ್ತುಬಂತು.

ಇದನ್ನು ಎಲ್ಲರೂ ಕೈತಪ್ಪು ಎಂದೇ ತಿಳಿದರು. ಹಾಗೆ ತಿಳಿಯಲು ಕಾರಣವೂ ಇತ್ತು. ಸಮುದ್ರಮಟ್ಟದಲ್ಲಿ, 15 ಡಿಗ್ರಿಯಲ್ಲಿ ಗಾಳಿಯ ಪ್ರಮಾಣಿತ ಸಾಂದ್ರತೆ ಘನ ಮೀಟರಿಗೆ 1.225 ಕೆ.ಜಿ. ಕಲಬುರಗಿಯ ಸುಮಾರು 450 ಮೀಟರ್ ಎತ್ತರದಲ್ಲಿ, 40 ಡಿಗ್ರಿ ಬಿಸಿಲಿನಲ್ಲಿ ಅದು 1.07ರ ಆಸುಪಾಸಿಗೆ ಇಳಿಯುತ್ತದೆ. ತೂಕವೂ ಹೆಚ್ಚು, ಗಾಳಿಯೂ ತೆಳು. ಸಾಧಾರಣ ಲಿಫ್ಟ್ (ರೆಕ್ಕೆಯ ಎತ್ತುವ ಬಲ) ಗುಣಾಂಕ ಹಿಡಿದು ಲೆಕ್ಕ ಹಾಕಿದರೆ, ನಕ್ಷೆಯ ತೂಕದಲ್ಲಿ ಸಮುದ್ರಮಟ್ಟದಲ್ಲಿ ಗಂಟೆಗೆ 27 ಕಿ.ಮೀ. ವೇಗದಲ್ಲಿ ಸ್ಟಾಲ್ ಆಗಬೇಕಾದ, ಅಂದರೆ ಎತ್ತುವ ಬಲ ಕಳೆದುಕೊಂಡು ಕುಸಿಯಬೇಕಾದ ಈ ರೆಕ್ಕೆ ಇಲ್ಲಿ 32-33 ಕಿ.ಮೀ.ಗೇ ಸ್ಟಾಲ್ ಆಗುತ್ತದೆ. ನಿಧಾನವಾಗಿ ತೇಲುವ ಫೋಮ್ ವಿಮಾನಕ್ಕೆ ಒಗ್ಗಿದ ಕೈಗೆ ಈ ವ್ಯತ್ಯಾಸ ತಿಳಿಯುವುದು ಕಷ್ಟ. ಹೀಗಾಗಿ ‘ವೇಗ ಇಟ್ಟುಕೊಂಡು ಇಳಿಸು’ ಎಂಬ ಸಲಹೆಯೊಂದಿಗೆ ವಿಮಾನವನ್ನು ರಿಪೇರಿ ಮಾಡಿ ಮತ್ತೆ ಹಾರಿಸಲಾಯಿತು. ವೇಗವಿದ್ದಷ್ಟು ಹೊತ್ತು ತೊಂದರೆಯಿಲ್ಲ. ತುಸು ತಗ್ಗಿದರೆ ಮತ್ತೆ ಅದೇ ಎಡರೆಕ್ಕೆ.

ಮಾಡಿ ನೋಡಿದ್ದು

ಮೊದಲು ತೂಕದ ಮೇಲೆ ಸಂಶಯ ಬಿತ್ತು. ವಿಮಾನವನ್ನು ಮೂಗು ಮತ್ತು ಬಾಲಕ್ಕೆ ದಾರ ಕಟ್ಟಿ ತೂಗುಹಾಕಿದಾಗ ಬಲರೆಕ್ಕೆ ಕೆಳಗೆ ವಾಲಿತು. ಬಲಕ್ಕೆ ಎಳೆಯುವುದಕ್ಕೆ ಇದೇ ಕಾರಣ ಎಂದು ಎಡತುದಿಯೊಳಗೆ ಸೀಸದ ಎರಡು ತುಂಡು ಸೇರಿಸಿದರು. ದಾರಕ್ಕೆ ತೂಗಿದಾಗ ವಿಮಾನ ಸಮನಾಯಿತು, ಆಕಾಶದಲ್ಲಿ ಎಳೆತ ಸ್ವಲ್ಪವಷ್ಟೇ ಕಡಿಮೆಯಾಯಿತು. ಆ ‘ಸ್ವಲ್ಪ’ ಯಾವಾಗ ಎಂಬುದನ್ನು ಯುವಕ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದು ಮುಂದೆ ಉಪಯೋಗಕ್ಕೆ ಬಂತು: ನಿಧಾನಗತಿಯಲ್ಲಿ ಎಳೆತ ಕಡಿಮೆ, ಪೂರ್ತಿ ವೇಗದಲ್ಲಿ ಮೊದಲಿನಂತೆಯೇ.

ಈ ಒಂದು ಸಾಲಿನಲ್ಲಿ ಪ್ರಕರಣದ ಅರ್ಧ ಉತ್ತರ ಇತ್ತು. ಒಂದು ರೆಕ್ಕೆ ಭಾರವಾಗಿದ್ದರೆ ಆ ಭಾರ ವೇಗದೊಂದಿಗೆ ಬದಲಾಗುವುದಿಲ್ಲ, ಆದರೆ ಅದನ್ನು ಎತ್ತಿಹಿಡಿಯುವ ಐಲೆರಾನ್‌ನ ಬಲ ವೇಗದ ವರ್ಗಕ್ಕೆ ತಕ್ಕಂತೆ (ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ) ಹೆಚ್ಚುತ್ತದೆ. ಆದ್ದರಿಂದ ಭಾರದ ದೋಷಕ್ಕೆ ನಿಧಾನದಲ್ಲಿ ಹೆಚ್ಚು ಟ್ರಿಮ್, ವೇಗದಲ್ಲಿ ಕಡಿಮೆ ಟ್ರಿಮ್ ಬೇಕಾಗುತ್ತದೆ. ರೆಕ್ಕೆಯೇ ತಿರುಚಿಕೊಂಡಿದ್ದರೆ ಹಾಗಲ್ಲ. ತಿರುಚಿನಿಂದ ಬರುವ ಬಲವೂ ಐಲೆರಾನ್‌ನ ಬಲವೂ ವೇಗದೊಂದಿಗೆ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವುದರಿಂದ, ಒಮ್ಮೆ ಹಾಕಿದ ಟ್ರಿಮ್ ಎಲ್ಲ ವೇಗದಲ್ಲೂ ಸರಿಯಾಗಿಯೇ ಕಾಣುತ್ತದೆ. ಇಲ್ಲಿ ಭಾರ ಸರಿದೂಗಿಸಿದ ಮೇಲೂ ಉಳಿದ ಎಳೆತ ಎರಡನೆಯ ಬಗೆಯದು. ಆದರೆ ಆಗ ಅದನ್ನು ಯಾರೂ ಹಾಗೆ ಓದಲಿಲ್ಲ.

ಮುಂದಿನ ಸಂಶಯ ಮೋಟರ್ ಮೇಲೆ. ಪ್ರೊಪೆಲ್ಲರ್‌ನ ತಿರುಗುವಿಕೆ ವಿಮಾನವನ್ನು ಎಡಕ್ಕೆ ತಳ್ಳುವುದರಿಂದ ಅದನ್ನು ತಡೆಯಲು ನಕ್ಷೆಯಲ್ಲಿ ಮೋಟರನ್ನು ಎರಡು ಡಿಗ್ರಿಯಷ್ಟು ಬಲಕ್ಕೆ ತಿರುಗಿಸಿ ಕೂರಿಸಿರುತ್ತಾರೆ. ಅದೇ ಹೆಚ್ಚಾಗಿರಬಹುದೆಂದು, ಮೋಟರನ್ನು ಓರೆಯಾಗಿಸಿದ್ದ ವಾಷರ್‌ಗಳನ್ನು ತೆಗೆದರು. ಮೋಟರ್ ಜೋರಾದಾಗ ಮೂಗು ಎಡಕ್ಕೆ ಹೊರಳಲು ಶುರುವಾಯಿತು, ರೆಕ್ಕೆ ಬೀಳುವುದು ನಿಲ್ಲಲಿಲ್ಲ. ವಾಷರ್‌ಗಳು ವಾಪಸು ಬಂದವು.

ತಿರುವು ಬಂದದ್ದು ಹಿರಿಯರ ಒಂದು ಪ್ರಶ್ನೆಯಿಂದ. ಹಾರಿಸುವುದರಲ್ಲಿ ಅವರು ತಲೆಹಾಕುತ್ತಿರಲಿಲ್ಲ. ಛತ್ರಿ ಹಿಡಿದು ಬ್ಯಾಟರಿಗಳನ್ನು ನೆರಳಿನಲ್ಲಿ ಕಾಯುವುದು ಅವರ ಪಾಲಿನ ಕೆಲಸ. ಮೂರನೆಯ ಬಾರಿಯೋ ಏನೋ ಚಕ್ರ ಕಿತ್ತುಬಂದ ದಿನ, ತುಂಡುಗಳನ್ನು ಆರಿಸುತ್ತ ಅವರು, “ಬಲಕ್ಕ ಜಗ್ಗೋ ವಿಮಾನ ಬೀಳಾಗ ಎಡಕ್ಕ ಯಾಕ ಬೀಳತದ?” ಎಂದರು. ಅಲ್ಲಿಯವರೆಗೆ ಎಳೆತವನ್ನೂ ಕುಸಿತವನ್ನೂ ಎರಡು ಬೇರೆ ತೊಂದರೆಗಳೆಂದು ಬಗೆದು ಒಂದಕ್ಕೆ ಸೀಸ, ಇನ್ನೊಂದಕ್ಕೆ ಬುದ್ಧಿಮಾತು ಎಂದು ಪರಿಹಾರ ಹುಡುಕಲಾಗಿತ್ತು. ಎರಡನ್ನೂ ಒಟ್ಟಿಗೆ ವಿವರಿಸಬಲ್ಲ ಕಾರಣ ಒಂದೇ. ಎಡರೆಕ್ಕೆಯ ತುದಿ ಗಾಳಿಗೆ ಹೆಚ್ಚು ಕೋನದಲ್ಲಿ ತಿರುಗಿಕೊಂಡಿದ್ದರೆ, ಮಾಮೂಲಿ ವೇಗದಲ್ಲಿ ಅದು ಹೆಚ್ಚು ಲಿಫ್ಟ್ ಕೊಟ್ಟು ವಿಮಾನವನ್ನು ಬಲಕ್ಕೆ ಉರುಳಿಸುತ್ತದೆ. ವೇಗ ತಗ್ಗಿ ಎರಡೂ ರೆಕ್ಕೆಗಳ ಕೋನ ಏರುತ್ತ ಹೋದಾಗ, ಮೊದಲೇ ಹೆಚ್ಚು ಕೋನದಲ್ಲಿದ್ದ ಎಡತುದಿ ಮೊದಲು ಸ್ಟಾಲ್ ಆಗುತ್ತದೆ. ಟ್ರಿಮ್ ಎರಡೂ ಬದಿಯ ಲಿಫ್ಟನ್ನು ಸಮ ಮಾಡುತ್ತದೆಯೇ ಹೊರತು ಕೋನವನ್ನಲ್ಲ. ಮಾದರಿಗಾರರು ಇದನ್ನು ವಾಷ್‌ಇನ್ ಎನ್ನುತ್ತಾರೆ, ರೆಕ್ಕೆಯ ದೋಷಗಳಲ್ಲಿ ಇದಕ್ಕಿಂತ ಕೆಟ್ಟದ್ದು ಕಡಿಮೆ.

ಅಳತೆ

ಮನೆಗೆ ಬಂದು ಹಿರಿಯರು ಮಾಡಿದ್ದು ತಾವು ತರಬೇತಿಯ ಹುಡುಗರಿಗೆ ಮೊದಲ ತಿಂಗಳಲ್ಲೇ ಹೇಳಿಕೊಡುತ್ತಿದ್ದ ಪರೀಕ್ಷೆ. ಹಲಗೆಯೊಂದು ತಿರುಚಿದೆಯೇ ಎಂದು ನೋಡಲು ಅದರ ಎರಡು ತುದಿಗಳಲ್ಲಿ ಎರಡು ನೇರ ಪಟ್ಟಿಗಳನ್ನು ಅಡ್ಡಲಾಗಿಟ್ಟು, ಕಣ್ಣನ್ನು ಒಂದರ ಮಟ್ಟಕ್ಕೆ ತಂದು ಅದರ ಮೇಲಂಚಿನಿಂದ ಇನ್ನೊಂದರ ಮೇಲಂಚನ್ನು ನೋಡುತ್ತಾರೆ. ಎರಡೂ ಅಂಚು ಒಂದೇ ಗೆರೆಯಾಗಿ ಕೂಡದಿದ್ದರೆ ಹಲಗೆ ತಿರುಚಿದೆ. ರೆಕ್ಕೆಯನ್ನು ಮಗುಚಿ, ಅಲ್ಯೂಮಿನಿಯಂ ಪಟ್ಟಿಯೊಂದನ್ನು ಬುಡಕ್ಕೂ ಇನ್ನೊಂದನ್ನು ತುದಿಗೂ ಇಟ್ಟು ನೋಡಿದಾಗ ಬಲಭಾಗದಲ್ಲಿ ಗೆರೆಗಳು ಕೂಡಿದವು, ಎಡಭಾಗದಲ್ಲಿ ಕತ್ತರಿಯಂತೆ ದಾಟಿದವು. ಇದಕ್ಕೆ ತಗುಲಿದ ಹೊತ್ತು ಒಂದು ಚಹಾ ಕುಡಿಯುವಷ್ಟು.

ಎಷ್ಟು ಎಂದು ತಿಳಿಯಲು ನಂಬಬಹುದಾದ ಸಮತಲವೊಂದು ಬೇಕಿತ್ತು. ಕಲಬುರಗಿಯ ಮನೆಗಳಲ್ಲಿ ಅದಕ್ಕೆ ಬರವಿಲ್ಲ. ಅಡುಗೆ ಕಟ್ಟೆಗೆ ಹಾಕಿಸಿದ್ದ ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ಮೇಲೆ ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಬಿಟ್ಟು, ಉದ್ದ, ಅಗಲ, ಮೂಲೆಯಿಂದ ಮೂಲೆಗೆ ಹೀಗೆ ಎಲ್ಲ ದಿಕ್ಕಿನಲ್ಲೂ ಬೆಳಕು ಸೋರದ ಜಾಗವನ್ನು ಹುಡುಕಿದರು. ರಾತ್ರಿ ಅಡುಗೆಮನೆ ಬಿಟ್ಟುಕೊಡಲು ಮನೆಯಾಕೆ ಒಪ್ಪಿದ್ದೂ ಈ ಪ್ರಕರಣದ ಒಂದು ಭಾಗವೇ. ಎಡಭಾಗದ ಬುಡವನ್ನು ಕಲ್ಲಿಗೆ ಒತ್ತಿಹಿಡಿದಾಗ ತುದಿಯ ಮುಂದಂಚು ಇರಬೇಕಾದ ಮಟ್ಟಕ್ಕಿಂತ 5 ಮಿ.ಮೀ. ಮೇಲಿತ್ತು. 220 ಮಿ.ಮೀ. ಅಗಲಕ್ಕೆ 5 ಮಿ.ಮೀ. ಎಂದರೆ 1.3 ಡಿಗ್ರಿ. ಯುವಕನಿಗೆ ಇದು ಅಲ್ಪವೆನಿಸಿತು. ಆದರೆ ಇಡೀ ಮೋಟರನ್ನು ಕೇವಲ ಎರಡು ಡಿಗ್ರಿ ತಿರುಗಿಸಿ ಕೂರಿಸುವ ವಿಮಾನದಲ್ಲಿ, ಒಂದು ರೆಕ್ಕೆಗೆ ಮಾತ್ರ 1.3 ಡಿಗ್ರಿ ಅಲ್ಪವಲ್ಲ.

ಬಳಿಕ ಪ್ಲೈ ಹಾಳೆಯನ್ನು ತಂದು ಅದೇ ಕಲ್ಲಿನ ಮೇಲೆ ಇಟ್ಟರು. ಎದುರುಬದುರು ಮೂಲೆಗಳನ್ನು ಒತ್ತಿದರೆ ಅದು ಟಕ್ ಟಕ್ ಎಂದು ಅಲ್ಲಾಡಿತು. ಬೇಸಿಗೆ, ಮಳೆ, ಬೇಸಿಗೆ ಎಂದು ತಗಡಿನ ಕೋಣೆಯಲ್ಲಿ ಒರಗಿ ನಿಂತ ಪ್ಲೈ ತಿರುಚಿಕೊಂಡಿತ್ತು, ಅದರ ತಿರುಚೇ ರೆಕ್ಕೆಗೆ ಇಳಿದಿತ್ತು. ತೇಗದ ಬಾಗಿಲು ನೆಟ್ಟಗಿದ್ದುದರಿಂದ ಬಲಭಾಗ ನೆಟ್ಟಗಿತ್ತು. ಎರಡೂ ಭಾಗಗಳನ್ನು ಅದೇ ಪ್ಲೈ ಮೇಲೆ, ಒಂದೇ ಜಾಗದಲ್ಲಿ, ಒಂದರ ಕನ್ನಡಿ ರೂಪವಾಗಿ ಇನ್ನೊಂದನ್ನು ಕಟ್ಟಿದ್ದರೆ ಒಂದಕ್ಕೆ ವಾಷ್‌ಇನ್, ಇನ್ನೊಂದಕ್ಕೆ ಅದರ ವಿರುದ್ಧದ ತಿರುಚು ಬಂದು ಸ್ಥಿತಿ ಇನ್ನೂ ಕೆಡುತ್ತಿತ್ತು. ಗರಗಸದಿಂದ ಸೀಳಿದ ಪ್ರತಿ ಹಲಗೆಯನ್ನೂ ಪಟ್ಟಿಗಳಿಂದ ಪರೀಕ್ಷಿಸುವ ಕೈ, ಕಾರ್ಖಾನೆಯಿಂದ ಬಂದ ಪ್ಲೈ ಎಂಬ ಕಾರಣಕ್ಕೆ ಅದನ್ನು ಪರೀಕ್ಷಿಸದೆ ಬಿಟ್ಟಿತ್ತು.

ಇಸ್ತ್ರಿಯೋ, ಬ್ಲೇಡೋ

ಪರಿಹಾರದ ಬಗ್ಗೆ ಒಮ್ಮತವಿರಲಿಲ್ಲ. ರೆಕ್ಕೆಗೆ ಹೊದಿಸಿದ್ದು ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಫಿಲ್ಮ್. ರೆಕ್ಕೆಯನ್ನು ಒಬ್ಬರು ವಿರುದ್ಧ ದಿಕ್ಕಿಗೆ ತಿರುಚಿ ಹಿಡಿದು ಇನ್ನೊಬ್ಬರು ಇಸ್ತ್ರಿ ಆಡಿಸಿದರೆ ಫಿಲ್ಮ್ ಆ ಸ್ಥಿತಿಯಲ್ಲಿ ಬಿಗಿದುಕೊಂಡು ತಿರುಚನ್ನು ಹಿಡಿದಿಡುತ್ತದೆ. ಸಣ್ಣ ದೋಷಗಳಿಗೆ ಎಲ್ಲರೂ ಬಳಸುವ ಉಪಾಯವಿದು. ಮಳೆ ಹಿಡಿಯುವ ಮೊದಲು ಹಾರಿಸಬೇಕೆಂಬ ಆತುರದಲ್ಲಿದ್ದ ಯುವಕ ಇದನ್ನೇ ಒತ್ತಾಯಿಸಿದ. ಹಿರಿಯರಿಗೆ ಮನಸ್ಸಿರಲಿಲ್ಲ, ಆದರೂ ಹಿಡಿದುಕೊಟ್ಟರು. ಸಂಜೆ ಕಲ್ಲಿನ ಮೇಲೆ ಅಳೆದಾಗ 5 ಮಿ.ಮೀ. ಇದ್ದದ್ದು 1 ಮಿ.ಮೀ.ಗೆ ಬಂದಿತ್ತು.

ಮರುದಿನ ಬೆಳಿಗ್ಗೆ ಮೊದಲ ಹಾರಾಟ ಸೊಗಸಾಗಿತ್ತು. ಎರಡನೆಯದಕ್ಕೆ ಬ್ಯಾಟರಿ ಚಾರ್ಜ್ ಆಗುವ ತನಕ ವಿಮಾನ ಬಿಸಿಲಿನಲ್ಲಿ ನಿಂತಿತು. ರೆಕ್ಕೆಯ ಮೇಲ್ಭಾಗ ಕಡುನೀಲಿ. ಮುಟ್ಟಿದರೆ ಕೈ ಸುಡುತ್ತಿತ್ತು. ಹಾರಿಸುವ ಮೊದಲು ಹಿರಿಯರು ಪಟ್ಟಿಗಳನ್ನಿಟ್ಟು ನೋಡಿ, ಗೆರೆಗಳು ಮತ್ತೆ ದಾಟಿರುವುದನ್ನು ತೋರಿಸಿದರು. ಯುವಕ ಅಂದು ಹಾರಿಸಲಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತ್ಯುತ್ತಮ ನಿರ್ಧಾರ ಅದು: ಟ್ರಿಮ್ ಹಾಕಿ ವೇಗವಾಗಿ ಇಳಿಸುವ ದಾರಿ ತೆರೆದೇ ಇತ್ತು.

ಫಿಲ್ಮ್ ಸೋತದ್ದಕ್ಕೆ ಕಾರಣ ರೆಕ್ಕೆಯ ಒಳರಚನೆಯಲ್ಲಿದೆ. ಮುಂದಂಚಿನಿಂದ, ರೆಕ್ಕೆಯ ಉದ್ದಕ್ಕೂ ಸಾಗುವ ಮುಖ್ಯ ಪಟ್ಟಿಯಾದ ಸ್ಪಾರ್‌ವರೆಗೆ ಮೇಲೂ ಕೆಳಗೂ ತೆಳು ಬಾಲ್ಸಾ ಶೀಟ್, ಹಿಂದೆ ಎರಡು ಸ್ಪಾರ್‌ಗಳ ನಡುವೆ ನಿಲುವಾಗಿ ಕೂರಿಸಿದ ತೆಳು ಹಲಗೆ, ಅಂದರೆ ವೆಬ್. ಇವು ಮೂರೂ ಸೇರಿ ಮುಚ್ಚಿದ ಕೊಳವೆಯಾಗುತ್ತವೆ. ಮುಚ್ಚಿದ ಕೊಳವೆ ತಿರುಚಿಗೆ ಬಗ್ಗುವುದಿಲ್ಲ, ಅದಕ್ಕೆಂದೇ ಅದನ್ನು ಹಾಗೆ ಕಟ್ಟುತ್ತಾರೆ. ಆದರೆ ಅಂಟು ಒಣಗುವಾಗ ಕೊಳವೆ ತಿರುಚಿಕೊಂಡೇ ಇದ್ದರೆ ಆ ತಿರುಚನ್ನೂ ಅದು ಅಷ್ಟೇ ಹಟದಿಂದ ಕಾಪಾಡುತ್ತದೆ. ಹಿಂಭಾಗದಲ್ಲಿ ರೆಕ್ಕೆಗೆ ಆಕಾರ ಕೊಡುವ ತೆರೆದ ಅಡ್ಡ ತುಂಡುಗಳಾದ ರಿಬ್‌ಗಳ ಮೇಲಿನ ಫಿಲ್ಮ್ ಅದರೊಂದಿಗೆ ತಣ್ಣಗಿರುವಾಗ ಜಗ್ಗಾಡಬಲ್ಲದು, ಬಿಸಿಯಾಗಿ ಮೆತ್ತಗಾದರೆ ಮರ ಗೆಲ್ಲುತ್ತದೆ.

ಆದ್ದರಿಂದ ಕೊಳವೆಯನ್ನು ಬಿಚ್ಚಬೇಕು. ಹಿರಿಯರು ಎರಡೂ ರೆಕ್ಕೆಗಳನ್ನು ತೆರೆದು, ಎರಡಕ್ಕೂ ತುದಿಯ ಕೋನ ಕಡಿಮೆಯಿರುವಂತೆ, ಅಂದರೆ ವಾಷ್‌ಔಟ್ ಕೊಟ್ಟು ಮತ್ತೆ ಕಟ್ಟುವುದು ಸರಿ ಎಂದರು. ತತ್ತ್ವಕ್ಕೆ ಅದೇ ಉತ್ತಮ. ಆದರೆ ನೆಟ್ಟಗಿರುವ ಬಲರೆಕ್ಕೆಯನ್ನು ಕೊಯ್ದರೆ ಅದೂ ಕೆಡುವ ಅಪಾಯವಿತ್ತು, ಎರಡನ್ನೂ ಒಂದೇ ಪ್ರಮಾಣದಲ್ಲಿ ತಿರುಚುವುದು ಸುಲಭವೂ ಅಲ್ಲ. ಕೊನೆಗೆ ಎಡವನ್ನು ಮಾತ್ರ ತೆರೆದು ಬಲದಷ್ಟೇ ಚಪ್ಪಟೆ ಮಾಡುವುದು, ವಾಷ್‌ಔಟ್‌ನ ಕೆಲಸವನ್ನು ಎರಡೂ ಐಲೆರಾನ್‌ಗಳನ್ನು 2 ಮಿ.ಮೀ. ಮೇಲಕ್ಕೆತ್ತಿ ಸ್ವಲ್ಪಮಟ್ಟಿಗೆ ಪಡೆಯುವುದು ಎಂದಾಯಿತು.

ಮೇಲಿನ ಶೀಟನ್ನು ಸ್ಪಾರ್ ಗುಂಟ ಹೊಸ ಬ್ಲೇಡಿನಿಂದ, ಉಕ್ಕಿನ ಸ್ಕೇಲ್ ಆಸರೆಯಲ್ಲಿ ಕೊಯ್ದರು. ಕೆಳಗಿನದನ್ನಲ್ಲದೆ ಮೇಲಿನದನ್ನೇ ಆರಿಸಿದ್ದು, ಚಪ್ಪಟೆ ಅಡಿಭಾಗ ಕಲ್ಲಿನ ಮೇಲೆ ಕುಳಿತಿರುವಾಗಲೇ ಮತ್ತೆ ಅಂಟಿಸಲು ಸಾಧ್ಯವಾಗಲೆಂದು. ಕೊಯ್ತ ಬುಡದಿಂದ ತುದಿ ಮುಟ್ಟುವ ಹೊತ್ತಿಗೆ, ಅಲ್ಲಿಯವರೆಗೆ ಎರಡು ಕೈಗಳಿಗೂ ಜಗ್ಗದಿದ್ದ ರೆಕ್ಕೆ ಎರಡು ಬೆರಳಿನಲ್ಲಿ ತಿರುಗತೊಡಗಿತು. ಅದನ್ನು ಕಲ್ಲಿನ ಮೇಲಿಟ್ಟು, ಮರ ಸ್ವಲ್ಪ ಹಿಂದಕ್ಕೆ ಮರಳುತ್ತದೆಂಬ ಅಂದಾಜಿನಲ್ಲಿ ತುದಿಯ ಹಿಂದಂಚಿನ ಕೆಳಗೆ 2 ಮಿ.ಮೀ. ಪಟ್ಟಿ ಕೊಟ್ಟು, ಅರ್ಧ ಕೆ.ಜಿ. ತೊಗರಿ ಬೇಳೆಯ ಪೊಟ್ಟಣಗಳನ್ನು ಸಾಲಾಗಿ ಹೇರಿದರು. ಕಲ್ಲಿಗೆ ಪಿನ್ನು ಚುಚ್ಚಲಾಗದ ಕೊರತೆಯನ್ನು ಬೇಳೆ ತುಂಬಿತು; ರಿಬ್‌ಗಳ ಏರಿಳಿತಕ್ಕೆ ತಕ್ಕಂತೆ ಪೊಟ್ಟಣ ಹೊಂದಿಕೊಳ್ಳುವುದರಿಂದ ಕಬ್ಬಿಣದ ತುಂಡಿಗಿಂತ ಅದೇ ಲೇಸು. ಈ ಬಾರಿ ಬಿಳಿ ಅಂಟು ಬೇಡವೆಂದರು, ಅದರ ನೀರು ತೆಳು ಬಾಲ್ಸಾವನ್ನು ಉಬ್ಬಿಸುತ್ತದೆ. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯನ್ನು ಕೊಯ್ತದ ಗುಂಟ ತೆಳ್ಳಗೆ ಎಳೆದು, ರಾತ್ರಿಯಿಡೀ, ಮರುದಿನವೂ ಮುಟ್ಟದೆ ಬಿಟ್ಟರು. ಪೊಟ್ಟಣ ತೆಗೆದು ಅಳೆದಾಗ ವ್ಯತ್ಯಾಸ 1 ಮಿ.ಮೀ.ಗಿಂತ ಕಡಿಮೆ.

ಅದೇ ಮಳೆಗಾಲದಲ್ಲಿ ಬಾಲದ ತ್ರಿಕೋನಗಳೂ ಹೋದವು. ಅವನ್ನು ಕಿತ್ತವರು ಹಿರಿಯರೇ. ಬಾಲದ 30 ಗ್ರಾಂ ಇಲ್ಲವಾದೊಡನೆ ಮೂಗಿನ 90 ಗ್ರಾಂ ಸೀಸವೂ ಬೇಡವಾಯಿತು, ರಿಪೇರಿಯ ಅಂಟನ್ನೂ ಸೇರಿಸಿ ತೂಕ 1.25 ಕೆ.ಜಿ.ಗೆ ಇಳಿಯಿತು. ಹೊಸ ಹೊದಿಕೆಗೆ ಮೇಲ್ಭಾಗದಲ್ಲಿ ಬಿಳಿ ಮತ್ತು ಹಳದಿ ಬಣ್ಣ ಆರಿಸಿದರು.

ಏನಾಯಿತು

ದಸರೆಯ ನಂತರದ ತಂಪು ಬೆಳಿಗ್ಗೆ ಹಾರಾಟ ಮತ್ತೆ ಶುರುವಾಯಿತು. ಐಲೆರಾನ್ ಟ್ರಿಮ್ ಬಹುತೇಕ ನಡುವಿನಲ್ಲೇ ನಿಂತಿತು. ಸುರಕ್ಷಿತ ಎತ್ತರದಲ್ಲಿ ಮೋಟರ್ ನಿಲ್ಲಿಸಿ ಎಲಿವೇಟರ್ ಪೂರ್ತಿ ಎಳೆದಾಗ ವಿಮಾನ ಮೂಗನ್ನು ನೇರವಾಗಿ ತಗ್ಗಿಸಿ, ಮತ್ತೆ ವೇಗ ಪಡೆದು ಮುಂದೆ ಸಾಗಿತು. ಎಡವೂ ಇಲ್ಲ, ಬಲವೂ ಇಲ್ಲ.

ಇಲ್ಲಿ ಒಂದು ತೊಡಕಿದೆ. ತಿರುಚು ತೆಗೆದದ್ದಷ್ಟೇ ಅಲ್ಲ, ತೂಕ ಇಳಿದಿತ್ತು, ಐಲೆರಾನ್ ಎತ್ತಿತ್ತು, 25 ಡಿಗ್ರಿಯ ಗಾಳಿ ಏಪ್ರಿಲ್‌ನ ಗಾಳಿಗಿಂತ ದಟ್ಟವೂ ಆಗಿತ್ತು. ಗುಣವಾದದ್ದು ಯಾವುದರಿಂದ ಎಂದು ಹೇಗೆ ಹೇಳುವುದು? ಈ ಪ್ರಶ್ನೆ ಎತ್ತಿದ್ದು ಯುವಕ, ಉತ್ತರಕ್ಕೆ ಉಪಾಯ ಹುಡುಕಿದ್ದೂ ಅವನೇ. ತೆಗೆದ 110 ಗ್ರಾಂ ತೂಕವನ್ನು ಗುರುತ್ವ ಕೇಂದ್ರದ ಕೆಳಗೆ ಟೇಪಿನಿಂದ ಕಟ್ಟಿ, ಐಲೆರಾನ್‌ಗಳನ್ನು ಮೊದಲಿನ ಮಟ್ಟಕ್ಕೆ ಇಳಿಸಿ, ಅದೇ ಸ್ಟಾಲ್ ಪರೀಕ್ಷೆಯನ್ನು ಮತ್ತೆ ಮಾಡಿದ. ವಿಮಾನ ತುಸು ಹೆಚ್ಚು ವೇಗದಲ್ಲಿ ಸ್ಟಾಲ್ ಆಯಿತು, ಆದರೆ ಆಗಲೂ ಮೂಗು ನೇರವಾಗಿಯೇ ತಗ್ಗಿತು. ತೂಕ ಮತ್ತು ತೆಳುಗಾಳಿ ಸ್ಟಾಲ್‌ನ ವೇಗವನ್ನು ಏರಿಸುತ್ತವೆ. ಯಾವ ರೆಕ್ಕೆ ಬೀಳಬೇಕೆಂಬುದನ್ನು ನಿರ್ಧರಿಸಿದ್ದು ತಿರುಚು. ಏಪ್ರಿಲ್‌ನಲ್ಲಿ ಕೊಟ್ಟ ‘ವೇಗ ಇಟ್ಟುಕೊಂಡು ಇಳಿಸು’ ಎಂಬ ಸಲಹೆ ತಪ್ಪಲ್ಲದಿದ್ದರೂ ಅದು ಹುಡುಕಾಟವನ್ನು ತಡಮಾಡಿತು, ಏಕೆಂದರೆ ಸಲಹೆ ಪಾಲಿಸಿದ ಹಾರಾಟಗಳಲ್ಲಿ ದೋಷ ಕಾಣುತ್ತಲೇ ಇರಲಿಲ್ಲ.

ಬಾಲ್ಸಾ ಕಿಟ್ ಹಿಡಿಯುವವರಿಗೆ ಈ ಪ್ರಕರಣದಿಂದ ಸಿಗುವ ಕೆಲಸದ ಮಾತು ಹೆಚ್ಚಾಗಿ ಹಲಗೆಯ ಬಗ್ಗೆ. ರೆಕ್ಕೆಯ ಮುಂಭಾಗದ ಶೀಟ್ ಅಂಟಿಸುವ ಮೊದಲು ಪಟ್ಟಿಗಳ ಪರೀಕ್ಷೆ ಮಾಡಿದ್ದರೆ ತೆರೆದ ರೆಕ್ಕೆಯನ್ನು ಬೆರಳಿನಲ್ಲೇ ಸರಿಮಾಡಬಹುದಿತ್ತು. ಅಂಟಿಸಿದ ಮೇಲೆ ಬ್ಲೇಡ್ ಬೇಕಾಯಿತು. ಎಳೆತ ಕಂಡಾಗ ಟ್ರಿಮ್ ಒತ್ತುವುದರಲ್ಲಿ ತಪ್ಪಿಲ್ಲ, ಆದರೆ ಯಾವ ವೇಗದಲ್ಲಿ ಎಷ್ಟು ಒತ್ತಬೇಕಾಯಿತೆಂದು ಬರೆದಿಡುವುದು ಅದಕ್ಕಿಂತ ಮುಖ್ಯ. ಯುವಕ ಆ ಸಾಲನ್ನು ಬರೆದಿಟ್ಟಿದ್ದರಿಂದಲೇ ಸೀಸದ ತುಂಡುಗಳು ದೋಷವನ್ನು ತೆಗೆಯಲಿಲ್ಲವೆಂಬುದಕ್ಕೆ ಕೊನೆಗೆ ಸಾಕ್ಷಿ ಸಿಕ್ಕಿತು. ಕಡುಬಣ್ಣದ ಹೊದಿಕೆಯನ್ನು ನಮ್ಮ ಬಿಸಿಲಿಗೆ ರೆಕ್ಕೆಯ ಮೇಲ್ಭಾಗದಲ್ಲಿ ಹಾಕುವುದರ ಬಗ್ಗೆ ನನಗಂತೂ ಈಗ ಅನುಮಾನವಿದೆ.

ಮುಂದಿನ ಏಪ್ರಿಲ್‌ನಲ್ಲಿ, ಬಿಸಿಲಿನಲ್ಲಿ ನಿಲ್ಲಿಸಿ ತಂದ ವಿಮಾನದ ಎಡರೆಕ್ಕೆಯನ್ನು ಅದೇ ಅಡುಗೆ ಕಟ್ಟೆಯ ಮೇಲೆ ಮತ್ತೆ ಅಳೆದರು. ತುದಿಯ ಮುಂದಂಚು 1 ಮಿ.ಮೀ. ಮೇಲಿತ್ತು. ಅದನ್ನು ನೋಟ್‌ಬುಕ್‌ನಲ್ಲಿ ದಿನಾಂಕದೊಂದಿಗೆ ಬರೆದು, ಸರಿಪಡಿಸದೆ ಬಿಟ್ಟಿದ್ದಾರೆ.